ಮಗು ಅಂಗನವಾಡಿಯಲ್ಲಿರುವಾಗ ನಿಮಗೆ ಸುದ್ದಿ ಯಾವಾಗ ಬರಬೇಕು?

ದಂಪತಿಗಳೇ,

ಬೆಳಗಾದೊಡನೆ ಒಬ್ಬರು ದ್ರಾಕ್ಷಿ ತೋಟಕ್ಕೆ, ಇನ್ನೊಬ್ಬರು ಮಗ್ಗಕ್ಕೋ ಕಾರ್ಖಾನೆಗೋ ಹೊರಡುವುದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಅನೇಕ ಮನೆಗಳ ದಿನಚರಿ. ಆ ಹೊತ್ತಿನಲ್ಲಿ ಮಗುವಿಗೆ ಅಂಗನವಾಡಿಯೇ ಆಸರೆ. 1975ರಲ್ಲಿ ತಿ. ನರಸೀಪುರದಲ್ಲಿ ಆರಂಭವಾದ ಈ ವ್ಯವಸ್ಥೆ ಇಂದು ರಾಜ್ಯದ ಹಳ್ಳಿಹಳ್ಳಿಗಳಲ್ಲಿದೆ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸರ್ಕಾರವು 2023ರಲ್ಲಿ ಘೋಷಿಸಿತು. ಆದರೆ ಮಗುವನ್ನು ಒಪ್ಪಿಸಿ ಹೋದ ಮೇಲೆ ಅದಕ್ಕೆ ಏನಾದರೂ ಆದರೆ ನಿಮಗೆ ತಿಳಿಯುವುದು ಹೇಗೆ?

ನಾನು ಕಂಡ ಸಂಗತಿಯೊಂದನ್ನು ಹೇಳುತ್ತೇನೆ. ಎರಡು ವರ್ಷದ ಮಗುವಿಗೆ ಜ್ವರವೇರಿ ಸೆಳವು ಬಂದಿತು. ಕಾರ್ಯಕರ್ತೆಯು ತಡಮಾಡದೆ ಆಸ್ಪತ್ರೆಗೆ ಕರೆತಂದಳು. ಚಿಕಿತ್ಸೆ ಆರಂಭವಾಯಿತು. ಆದರೆ ಹಿಂದೆ ಸೆಳವು ಬಂದಿತ್ತೇ, ಮನೆಯಲ್ಲಿ ಯಾವ ಔಷಧ ಕೊಟ್ಟಿದ್ದರು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಪುಸ್ತಕದಲ್ಲಿದ್ದ ದೂರವಾಣಿ ಸಂಖ್ಯೆ ಬದಲಾಗಿತ್ತು. ತಾಯಿ ಬಂದುದು ನಾಲ್ಕು ಗಂಟೆಗಳ ನಂತರ. ಮಗು ಉಳಿಯಿತು; ಆದರೆ ಆ ನಾಲ್ಕು ಗಂಟೆಗಳ ಆತಂಕ ಯಾರಿಗೂ ಬಾರದಿರಲಿ.

ಕೂಡಲೇ ತಿಳಿಸಬೇಕಾದ ಸಂದರ್ಭಗಳು:

1. ಸೆಳವು, ಪ್ರಜ್ಞೆ ತಪ್ಪುವುದು, ಎಬ್ಬಿಸಿದರೂ ಏಳದ ಮಂಪರು.
2. ಏನನ್ನೂ ಕುಡಿಯಲಾರದಿರುವುದು ಅಥವಾ ಕುಡಿದುದೆಲ್ಲ ವಾಂತಿಯಾಗುವುದು.
3. ಉಸಿರಾಡುವಾಗ ಎದೆಯ ಕೆಳಭಾಗ ಒಳಸೆಳೆಯುವುದು. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಬಾರಿ ಉಸಿರಾಡುವುದು.
4. ಹಾವು ಅಥವಾ ನಾಯಿ ಕಡಿತ, ಸುಟ್ಟಗಾಯ, ತಲೆಗೆ ಪೆಟ್ಟು, ವಿಷವಸ್ತು ಸೇವನೆ.
5. ಮಗು ಕೇಂದ್ರದಿಂದ ಕಾಣೆಯಾಗುವುದು.

ಮಗುವಿನ ಪ್ರಾಣಕ್ಕೆ ಅಪಾಯವಿರುವಾಗ ಕಾರ್ಯಕರ್ತೆಯು ನಿಮ್ಮ ಬರವಿಗಾಗಿ ಕಾಯಬಾರದು. ಮೊದಲು 108ಕ್ಕೆ ಕರೆ, ಜೊತೆಯಲ್ಲಿಯೇ ನಿಮಗೆ ಸುದ್ದಿ. ನಾಯಿ ಕಚ್ಚಿದ ಗಾಯವನ್ನು ಸಾಬೂನು ಹಾಗೂ ಹರಿಯುವ ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆತರಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಕಟ್ಟಿ ಬಿಗಿಯಬಾರದು; ಮಗುವನ್ನು ನಡೆಸದೆ ಎತ್ತಿ ತರಬೇಕು.

ಅದೇ ದಿನ ತಿಳಿಸಬೇಕಾದ ಸಂದರ್ಭಗಳು:

ಸಾಧಾರಣ ಜ್ವರ, ಭೇದಿ, ಊಟ ಬಿಟ್ಟುದು, ತರಚು ಗಾಯ. ಹಾಗೆಯೇ ಕೇಂದ್ರದ ಮತ್ತೊಂದು ಮಗುವಿಗೆ ದಡಾರ ಮುಂತಾದ ಅಂಟುಜಾಡ್ಯ ತಗುಲಿದುದು. ದಡಾರದ ಗುಳ್ಳೆ ಎದ್ದ ಮೇಲೆ ಕನಿಷ್ಠ ನಾಲ್ಕು ದಿನ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳಿ.

ನಿಮ್ಮ ಕರ್ತವ್ಯ:

ಸುದ್ದಿ ಕೊಡುವವರಿಗೆ ನೀವು ಸಿಗಬೇಕಲ್ಲವೇ? ಇಬ್ಬರ ದೂರವಾಣಿ ಸಂಖ್ಯೆಯನ್ನೂ, ಕೆಲಸದ ಸ್ಥಳವನ್ನೂ, ನೆರೆಯವರೊಬ್ಬರ ಹೆಸರನ್ನೂ ಬರೆಸಿರಿ. ಸಂಖ್ಯೆ ಬದಲಾದ ದಿನವೇ ತಿಳಿಸಿರಿ. ಹಿಂದಿನ ಸೆಳವು, ಉಬ್ಬಸ, ಒಗ್ಗದ ಔಷಧ, ಇವನ್ನು ಮುಚ್ಚಿಡಬೇಡಿರಿ. ರಾತ್ರಿ ಮಗುವಿಗೆ ಜ್ವರವಿದ್ದರೆ ಬೆಳಿಗ್ಗೆ ನೀವೇ ಮೊದಲು ಹೇಳಿರಿ. ತಾಯಿ ಕಾರ್ಡನ್ನು ಸುಲಭವಾಗಿ ಸಿಗುವಂತೆ ಇಟ್ಟುಕೊಳ್ಳಿರಿ.

ಚಿಕ್ಕ ವಿಷಯಕ್ಕೆ ಕರೆದಳೆಂದು ಕಾರ್ಯಕರ್ತೆಯನ್ನು ಗದರಿಸಬೇಡಿರಿ. ಇಂದು ಗದರಿಸಿದರೆ, ನಾಳೆ ದೊಡ್ಡ ಅಪಾಯದಲ್ಲಿಯೂ ಆಕೆ ಹಿಂಜರಿದಾಳು. ಕರೆ ಬಂದಾಗ ಹೋಗಬೇಕಾದವಳು ತಾಯಿಯೊಬ್ಬಳೇ ಎಂದು ತಂದೆಯೂ ಸುಮ್ಮನಿರಬಾರದು. ಯಾರು ಹತ್ತಿರವಿರುವರೋ ಅವರು ಮೊದಲು ಧಾವಿಸಲಿ.

ನಾಳೆ ಬೆಳಿಗ್ಗೆ ಮಗುವನ್ನು ಬಿಡುವಾಗ ಕೇಂದ್ರದ ಪುಸ್ತಕದಲ್ಲಿರುವ ನಿಮ್ಮ ಸಂಖ್ಯೆಯನ್ನು ಒಮ್ಮೆ ಓದಿಸಿ ಕೇಳಿರಿ.