ವಿದ್ಯುತ್ತೂ ಗಣಕವೂ: ಒಂದೇ ಬೇರಿನ ವಿದ್ಯೆ

ಬೇಸಗೆ ಕಳೆಯುತ್ತಲೇ ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕಾಲವು ಒದಗುವುದು. ಆಗ ನಮ್ಮ ನಗರಗಳ ಮನೆಮನೆಗಳಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: "ಕಂಪ್ಯೂಟರ್ ವಿಭಾಗದಲ್ಲಿ ಸೀಟು ದೊರೆತೀತೆ?" ದೊರೆಯದಿದ್ದರೆ ಮಾತ್ರ ಬೇರೆ ವಿದ್ಯೆಯ ಮಾತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ವಿಭಾಗವೊಂದಕ್ಕೆ ಇಂತಿಷ್ಟೇ ವಿದ್ಯಾರ್ಥಿಗಳೆಂದು ಇದ್ದ ಮೇಲ್ಮಿತಿಯನ್ನು ೨೦೨೪-೨೫ನೆಯ ಸಾಲಿನಿಂದ ಸಡಿಲಿಸಿದ ಬಳಿಕ ಈ ಪ್ರವಾಹಕ್ಕೆ ಮತ್ತಷ್ಟು ಹರವು ದೊರೆತಿದೆ. ಇತ್ತ ವಿದ್ಯುತ್ ವಿಭಾಗದ ಸ್ಥಳಗಳು ತೆರವಾಗಿ ಉಳಿಯುತ್ತಿರುವುದನ್ನು ಎಷ್ಟೋ ಕಾಲೇಜುಗಳಲ್ಲಿ ಕಾಣಬಹುದು. ಈ ಎರಡು ವಿದ್ಯೆಗಳು ಒಂದರಿಂದೊಂದು ಬೇರೆಯೆಂಬ ಭಾವನೆಯೇ ಇದಕ್ಕೆಲ್ಲ ಮೂಲ. ಆ ಭಾವನೆಯು ತಪ್ಪು ಮಾತ್ರವಲ್ಲ, ನಾಡಿಗೆ ಹಾನಿಕರವೂ ಹೌದೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ. ಪ್ರಮಾಣಕ್ಕಾಗಿ ಬಹುದೂರ ಅಲೆಯಬೇಕಾಗಿಲ್ಲ. ಬೆಂಗಳೂರಿನ ದಂಡುಪ್ರದೇಶದಿಂದ ಮೂಡಲಿಗೆ ಕೃಷ್ಣರಾಜಪುರದವರೆಗೆ ಒಮ್ಮೆ ದೃಷ್ಟಿ ಹಾಯಿಸಿದರೆ ಸಾಕು.

ಮೊದಲು ನಮ್ಮಲ್ಲಿ ಈ ವಿದ್ಯೆ ಬೇರೂರಿದ ಬಗೆಯನ್ನು ನೆನೆಯೋಣ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ನೆಯ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ೧೯೧೧ರಲ್ಲಿ, ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನಮಂದಿರದಲ್ಲಿ ಪಾಠಪ್ರವಚನಗಳು ಮೊದಲಾದಾಗ, ಆರಂಭದಲ್ಲಿಯೇ ಇದ್ದ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿತ್ತು. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸರ್ಕಾರೀ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಇಂದು ಅದು ಅವರ ಹೆಸರಿನಿಂದಲೇ ನಡೆಯುತ್ತಿದೆ. ಮೊದಲು ಶಕ್ತಿ ಬಂದಿತು, ಅದರ ಬೆನ್ನಿಗೇ ಶಾಲೆ ಬಂದಿತು.

ಆ ಶಾಲೆಯು ಎಂಥವರನ್ನು ಬೆಳೆಸಿತೆಂಬುದಕ್ಕೆ ರಾಜೇಶ್ವರಿ ಚಟರ್ಜಿಯವರ ನಿದರ್ಶನವೊಂದೇ ಸಾಕು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಖ್ಯಾತರಾದ ಈಕೆ ೧೯೨೨ರಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇವರು ಓದಿದುದು ಗಣಿತಶಾಸ್ತ್ರ. ೧೯೪೩ರಲ್ಲಿ ವಿಜ್ಞಾನಮಂದಿರದ ವಿದ್ಯುತ್ ವಿಭಾಗವನ್ನು ಸೇರಿದರು. ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ೧೯೫೩ರಲ್ಲಿ ಡಾಕ್ಟರೇಟ್ ಪದವಿಯೊಡನೆ ಮರಳಿದರು. ಮುಂದೆ ಅದೇ ವಿಜ್ಞಾನಮಂದಿರದಲ್ಲಿ ಸೂಕ್ಷ್ಮತರಂಗಗಳನ್ನೂ ಆಂಟೆನಾಗಳನ್ನೂ ಕುರಿತು ದಶಕಗಳ ಕಾಲ ಬೋಧಿಸಿದರು. ಗಣಿತ, ವಿದ್ಯುತ್ತು, ಸಂಪರ್ಕಶಾಸ್ತ್ರ, ಈ ಮೂರರ ನಡುವೆ ಅವರಿಗೆ ಗೋಡೆಯೇ ಕಾಣಲಿಲ್ಲ. ಇಂದಿನ ನಮ್ಮ ಹುಡುಗರಿಗೆ ಆ ಗೋಡೆಯನ್ನು ಎಬ್ಬಿಸಿಕೊಟ್ಟವರು ಯಾರು?

ಇನ್ನು ಕೃಷ್ಣರಾಜಪುರಕ್ಕೆ ಬರೋಣ. ಸ್ವತಂತ್ರ ಭಾರತದ ಮೊದಲ ಸರ್ಕಾರೀ ಉದ್ಯಮವಾದ ಟೆಲಿಫೋನ್ ಕಾರ್ಖಾನೆಯು ೧೯೪೮ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಅದರಿಂದಲೇ ಆ ಬಡಾವಣೆಗೆ ದೂರವಾಣಿನಗರವೆಂಬ ಹೆಸರು ಬಂದಿತು. ಅಲ್ಲಿ ಮೊದಲು ತಯಾರಾದುದು ಸ್ಟ್ರೋಜರ್ ಎಂಬ ಪದ್ಧತಿಯ ಯಂತ್ರಗಳು. ನಾವು ಡಯಲಿನ ಮೇಲೆ ಐದನ್ನು ತಿರುಗಿಸಿದರೆ ತಂತಿಯಲ್ಲಿ ಐದು ಮಿಡಿತಗಳು ಹರಿಯುವುವು; ವಿನಿಮಯಕೇಂದ್ರದ ವಿದ್ಯುದಯಸ್ಕಾಂತವು ಒಂದು ಕಂಬಿಯನ್ನು ಐದು ಮೆಟ್ಟಲು ಮೇಲಕ್ಕೆ ಎತ್ತುವುದು. ಹೀಗೆ ಮೆಟ್ಟಲು ಮೆಟ್ಟಲಾಗಿ ಯಂತ್ರವು ತಾನೇ ಬೇಕಾದ ಮನೆಯನ್ನು ಹುಡುಕುವುದು. ಇದಕ್ಕೆ ನೆರವಾಗುವ ಪುಟ್ಟ ಸಾಧನಕ್ಕೆ ರಿಲೇ ಎಂದು ಹೆಸರು. ವಿದ್ಯುತ್ತಿನಿಂದ ತೆರೆದುಕೊಳ್ಳುವ, ವಿದ್ಯುತ್ತಿನಿಂದ ಮುಚ್ಚಿಕೊಳ್ಳುವ ಒಂದು ಬಾಗಿಲೆಂದರೂ ಸಲ್ಲುವುದು.

ಈ ಬಾಗಿಲಲ್ಲಿಯೇ ಗಣಕದ ರಹಸ್ಯವು ಅಡಗಿದೆ. ಎರಡು ರಿಲೇಗಳನ್ನು ಒಂದರ ಹಿಂದೆ ಒಂದನ್ನಾಗಿ ಜೋಡಿಸಿದರೆ, ಎರಡೂ ಮುಚ್ಚಿದಾಗ ಮಾತ್ರ ವಿದ್ಯುತ್ತು ಹರಿಯುವುದು: ಇದು ತರ್ಕದ "ಮತ್ತು". ಅವನ್ನೇ ಅಕ್ಕಪಕ್ಕ ಜೋಡಿಸಿದರೆ, ಯಾವುದೊಂದು ಮುಚ್ಚಿದರೂ ಹರಿಯುವುದು: ಇದು "ಅಥವಾ". ಜಾರ್ಜ್ ಬೂಲ್ ಎಂಬ ಗಣಿತಜ್ಞನು ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ ತರ್ಕಗಣಿತವನ್ನು ಈ ರಿಲೇಗಳಿಂದಲೇ ನಡೆಸಬಹುದೆಂದು ೧೯೩೭ರಲ್ಲಿ ತೋರಿಸಿಕೊಟ್ಟವನು ಕ್ಲಾಡ್ ಶಾನನ್ ಎಂಬ ಇಪ್ಪತ್ತೊಂದರ ತರುಣ. ಆತನೂ ಮಿಷಿಗನ್ನಿನಲ್ಲಿ ವಿದ್ಯುತ್ ಇಂಜಿನಿಯರಿಂಗನ್ನೂ ಗಣಿತವನ್ನೂ ಒಟ್ಟಿಗೆ ಓದಿದವನು. ಇಂದಿನ ಗಣಕದ ಬೆರಳಗಲದ ಚಿಪ್ಪಿನಲ್ಲಿ ಕೋಟಿಗಟ್ಟಲೆಯಾಗಿ ಕೆಲಸಮಾಡುತ್ತಿರುವ ಟ್ರಾನ್ಸಿಸ್ಟರುಗಳು ಆ ರಿಲೇಯ ಮೊಮ್ಮಕ್ಕಳೇ ಸರಿ. ದೂರವಾಣಿನಗರದ ಕೆಲಸಗಾರನು ಅಂದು ಜೋಡಿಸುತ್ತಿದ್ದುದು ಟೆಲಿಫೋನು ಮಾತ್ರವಲ್ಲ. ತಾನರಿಯದೆಯೇ ಆತನು ಗಣಕದ ಅಕ್ಷರಮಾಲೆಯನ್ನು ತಿದ್ದುತ್ತಿದ್ದನು.

ಈ ನಂಟು ಬರಿಯ ಶಾಸ್ತ್ರದ ಮಾತಾಗಿ ಉಳಿಯಲಿಲ್ಲ. ೧೯೮೪ರಲ್ಲಿ ಭಾರತ ಸರ್ಕಾರವು ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯ ತರುಣ ಇಂಜಿನಿಯರುಗಳು, ಬಿಸಿಲನ್ನೂ ಧೂಳನ್ನೂ ತಾಳಿಕೊಂಡು, ತಂಪುಕೋಣೆಯ ಹಂಗಿಲ್ಲದೆ ನಡೆಯುವ ಗ್ರಾಮೀಣ ವಿನಿಮಯಯಂತ್ರವೊಂದನ್ನು ರಚಿಸಿದರು. ೧೯೮೬ರಲ್ಲಿ ಅದರ ಮೊದಲ ಯಂತ್ರವು ಪ್ರತಿಷ್ಠಿತವಾದುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆ ಯಂತ್ರವು ಗಣಕವೂ ಹೌದು, ಟೆಲಿಫೋನೂ ಹೌದು. ಕಾರ್ಯಕ್ರಮವನ್ನು ಬರೆಯಬಲ್ಲವನೂ ಮಂಡಲದ ತಾಪವನ್ನು ಲೆಕ್ಕಹಾಕಬಲ್ಲವನೂ ಒಂದೇ ಮೇಜಿನ ಬಳಿ ಕುಳಿತುದರಿಂದ ಅದು ಸಾಧ್ಯವಾಯಿತು. ಅದಕ್ಕೆ ಒಂದು ವರ್ಷ ಹಿಂದೆ, ೧೯೮೫ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆಯು ದಂಡುಪ್ರದೇಶದ ಮಿಲ್ಲರ್ಸ್ ರಸ್ತೆಗೆ ಬಂದಿತು. ಚಿಪ್ಪುಗಳ ವಿನ್ಯಾಸಕ್ಕೆ ಬೇಕಾದುದೂ ಈ ಎರಡು ವಿದ್ಯೆಗಳ ಕೂಟವೇ.

"ಇವೆಲ್ಲ ಕೇಳಲು ಚೆನ್ನು, ಹೊಟ್ಟೆಪಾಡಿನ ಗತಿಯೇನು?" ಎಂದು ತಂದೆಯೊಬ್ಬನು ಕೇಳಿದರೆ ಅವನನ್ನು ಹಳಿಯಲಾಗದು. ಅವನ ಭಯಕ್ಕೂ ಆಧಾರವುಂಟು. ಮೋಟಾರು, ಪರಿವರ್ತಕಗಳಿಗೆ ಹೆಸರಾಗಿದ್ದ, ಹಳೆಯ ಮದರಾಸು ರಸ್ತೆಯ ಎನ್.ಜಿ.ಇ.ಎಫ್. ಕಾರ್ಖಾನೆಯು ೨೦೦೨ರಲ್ಲಿ ಬಾಗಿಲು ಮುಚ್ಚಿತು. ದೂರವಾಣಿನಗರದ ವೈಭವವೂ ಕುಗ್ಗಿತು. ಅದೇ ಕಾಲದಲ್ಲಿ ವೈಟ್‌ಫೀಲ್ಡಿನ ತಂತ್ರಾಂಶ ಸಂಸ್ಥೆಗಳು ಹೊಸಬರಿಗೆ ಕೈತುಂಬ ಸಂಬಳ ಕೊಟ್ಟುವು. ಸಾಲಮಾಡಿ ಮಗನನ್ನೋ ಮಗಳನ್ನೋ ಓದಿಸುವ ಗೃಹಸ್ಥನು ಇದನ್ನು ಕಣ್ಣಾರೆ ಕಂಡವನು. ಆದರೆ ಕಾರ್ಖಾನೆ ಮುಚ್ಚಿತೆಂದ ಮಾತ್ರಕ್ಕೆ ಆ ವಿದ್ಯೆಯ ಅವಶ್ಯಕತೆ ಮುಗಿಯಿತೆಂದು ಬಗೆಯುವುದು ಸರಿಯಲ್ಲ.

ಏಕೆಂದರೆ ಅದೇ ಎನ್.ಜಿ.ಇ.ಎಫ್. ನೆಲದ ಮಗ್ಗುಲಲ್ಲಿ ಇಂದು ಏನು ಓಡುತ್ತಿದೆ ನೋಡಿ. ೨೦೧೧ನೆಯ ಅಕ್ಟೋಬರ್ ೨೦ರಂದು ಮಹಾತ್ಮಾ ಗಾಂಧಿ ರಸ್ತೆಯಿಂದ ಹಲಸೂರು, ಇಂದಿರಾನಗರಗಳ ಮೂಲಕ ಬೈಯಪ್ಪನಹಳ್ಳಿಗೆ ಆರಂಭವಾದ ಮೆಟ್ರೋ ಗಾಡಿಯು ೨೦೨೩ರಲ್ಲಿ ಕೃಷ್ಣರಾಜಪುರವನ್ನೂ ದಾಟಿ ವೈಟ್‌ಫೀಲ್ಡನ್ನು ಮುಟ್ಟಿತು. ಅದನ್ನು ಎಳೆಯುವುದು ಮೂರನೆಯ ಹಳಿಯ ೭೫೦ ವೋಲ್ಟುಗಳ ನೇರ ವಿದ್ಯುತ್ತು; ಗಾಡಿಗಾಡಿಗಳ ನಡುವಣ ಅಂತರವನ್ನು ಕಾಯುವುದು ಗಣಕ. ಇವೆರಡರಲ್ಲಿ ಯಾವುದು ತಪ್ಪಿದರೂ ಪ್ರಯಾಣಿಕನು ನಿಲ್ದಾಣದಲ್ಲಿಯೇ ನಿಲ್ಲಬೇಕು. ಪಾವಗಡದಲ್ಲಿ ೨,೦೦೦ ಮೆಗಾವಾಟಿಗೂ ಮಿಕ್ಕ ಸೌರಶಕ್ತಿಯ ಉದ್ಯಾನವು ಎದ್ದಿದೆ. ಸಂಜೆ ಸೂರ್ಯನು ಇಳಿಯುತ್ತಿದ್ದಂತೆ ಆ ಶಕ್ತಿ ಇಳಿಯುವುದು, ಊರಿನ ದೀಪಗಳ ಬೇಡಿಕೆ ಏರುವುದು. ಆ ಕ್ಷಣದ ಲೆಕ್ಕವನ್ನು ಗಣಕವು ಮಾಡಬೇಕು. ಲೆಕ್ಕದ ಅರ್ಥವನ್ನು ವಿದ್ಯುತ್ತನ್ನು ಬಲ್ಲವನು ಹೇಳಬೇಕು. ಗಣಕಗಳನ್ನೇ ತುಂಬಿರುವ ದತ್ತಾಂಶ ಕೇಂದ್ರಗಳೂ ನಡೆಯುವುದು ವಿದ್ಯುತ್ತಿನಿಂದಲೇ ಅಲ್ಲವೇ?

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ವಿದ್ಯುತ್, ವಿದ್ಯುನ್ಮಾನ, ಗಣಕ ವಿಭಾಗಗಳಿಗೆ ಮೊದಲ ಎರಡು ವರ್ಷಗಳ ಪಾಠಕ್ರಮವು ಆದಷ್ಟೂ ಒಂದೇ ಆಗಿರಲಿ. ಗಣಕದವನು ಮಂಡಲಶಾಸ್ತ್ರವನ್ನು ಕಲಿಯಲಿ, ವಿದ್ಯುತ್ತಿನವನು ಕಾರ್ಯಕ್ರಮ ಬರೆಯಲಿ. ಅಮೆರಿಕದ ಎಂ.ಐ.ಟಿ.ಯಂಥ ವಿದ್ಯಾಸಂಸ್ಥೆಗಳಲ್ಲಿ ಈ ಎರಡು ವಿದ್ಯೆಗಳೂ ಬಹುಕಾಲದಿಂದ ಒಂದೇ ಸೂರಿನಡಿಯಲ್ಲಿವೆ. ಎರಡನೆಯದಾಗಿ, ಗಣಕ ವಿಭಾಗವನ್ನು ಹಿಗ್ಗಿಸಲು ಅನುಮತಿ ಬೇಡುವ ಕಾಲೇಜು ತನ್ನ ವಿದ್ಯುತ್ ಪ್ರಯೋಗಶಾಲೆಯನ್ನು ಸುಸ್ಥಿತಿಯಲ್ಲಿ ಇಟ್ಟಿರತಕ್ಕದ್ದೆಂಬ ನಿಬಂಧನೆಯನ್ನು ಅಧಿಕಾರಿಗಳು ವಿಧಿಸಲಿ. ಒಮ್ಮೆ ಮುಚ್ಚಿದ ವಿಭಾಗವನ್ನು ಮತ್ತೆ ತೆರೆಯುವುದು ಸುಲಭವಲ್ಲ; ಯಂತ್ರಗಳನ್ನು ಹಣದಿಂದ ಕೊಳ್ಳಬಹುದು, ಚದರಿಹೋದ ಉಪಾಧ್ಯಾಯರನ್ನು ಒಂದುಗೂಡಿಸುವುದು ಕಷ್ಟ. ಮೂರನೆಯದು ತಂದೆತಾಯಿಗಳಿಗೆ: ಮಕ್ಕಳಿಗೆ ವಿದ್ಯುತ್ ವಿಭಾಗದಲ್ಲಿ ಸೀಟು ದೊರೆತರೆ ಅದನ್ನು ಸೋಲೆಂದು ಎಣಿಸಬೇಡಿ.

ಶಿವನಸಮುದ್ರದ ತಂತಿಯನ್ನು ಎಳೆದವರು ಮುಂದಿನ ತಿಂಗಳ ಸಂಬಳವನ್ನಲ್ಲ, ಮುಂದಿನ ತಲೆಮಾರನ್ನು ನೆನೆದು ಕೆಲಸಮಾಡಿದರು. ಅವರು ಹಚ್ಚಿದ ದೀಪದ ಬೆಳಕಿನಲ್ಲಿ ಓದಿ ಮೇಲೆಬಂದ ನಗರವು, ಆ ದೀಪವನ್ನು ಕಾಯಬಲ್ಲವರನ್ನು ಸಿದ್ಧಗೊಳಿಸುವ ಹೊಣೆಯನ್ನು ಮರೆಯಲಾಗದು.