ಗಳಿಸಿದ ಕೊಂಡಿ, ಕೊಂಡುತಂದ ಕೊಂಡಿ

ಜಾಲತಾಣವೊಂದನ್ನು ತೆರೆದ ಕೆಲವೇ ದಿನಗಳಲ್ಲಿ ಸಣ್ಣ ಉದ್ಯಮಿಯ ಇ-ಮೇಲ್‌ಗೆ ಒಂದು ಬಗೆಯ ಪತ್ರ ತಪ್ಪದೆ ಬರುತ್ತದೆ. ತಾಣಕ್ಕೆ ಐನೂರು ಕೊಂಡಿಗಳನ್ನು ಒದಗಿಸಲಾಗುವುದು, ಒಂದು ತಿಂಗಳೊಳಗೆ ಗೂಗಲ್‌ನ ಮೊದಲ ಪುಟದಲ್ಲಿ ಸ್ಥಾನ ಖಚಿತ ಎಂಬುದು ಅದರ ಸಾರಾಂಶ. ಬೆಲೆಯೂ ಕೈಗೆಟುಕುವಂತೆಯೇ ಇರುತ್ತದೆ. ಪೀಣ್ಯದಲ್ಲಿ ಗೇರ್ ತಯಾರಿಸುವವರಿಗಾಗಲಿ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಆಟಿಕೆ ಮಾಡುವವರಿಗಾಗಲಿ ಇಂತಹ ಪತ್ರ ಹೊಸದಲ್ಲ. ತಾಣ ಕಟ್ಟಿಸಲು ಹಣ ಸುರಿದು, ದಿನಕ್ಕೆ ನಾಲ್ಕು ಮಂದಿಯೂ ಇಣುಕುತ್ತಿಲ್ಲವೆಂದು ಕೊರಗುತ್ತಿರುವ ವ್ಯಾಪಾರಿಯ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಮಾರಾಟಕ್ಕಿಟ್ಟಿರುವ ಈ ಸರಕು ಯಾವುದು, ಅದನ್ನು ಕೊಂಡವರ ಗತಿ ಏನಾಯಿತು ಎಂಬುದನ್ನು ತಿಳಿದು ಮುಂದುವರಿಯುವುದು ಲೇಸು.

ಕೊಂಡಿ ಎಂದರೆ ಒಂದು ತಾಣದಿಂದ ಇನ್ನೊಂದಕ್ಕೆ ದಾರಿ ತೋರುವ ಲಿಂಕ್. ಅದಕ್ಕೆ ಬೆಲೆ ಬಂದುದು 1998ರಲ್ಲಿ. ಆಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್ ಅವರು ತಮ್ಮ ಪ್ರಬಂಧದಲ್ಲಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕಾಚಾರವನ್ನು ವಿವರಿಸಿದರು. ಅದಕ್ಕೆ ಮುಂಚಿನ ಸರ್ಚ್ ಎಂಜಿನ್‌ಗಳು ಪುಟದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂಬುದನ್ನೇ ಮುಖ್ಯವಾಗಿ ನೋಡುತ್ತಿದ್ದವು. ತನ್ನನ್ನು ತಾನೇ ಹೊಗಳಿಕೊಂಡವನಿಗೆ ಮೊದಲ ಮಣೆ ದೊರೆಯುತ್ತಿತ್ತು. ಇವರಿಬ್ಬರೂ ಆ ಪುಟದ ಕಡೆಗೆ ಎಷ್ಟು ಮಂದಿ ಬೆರಳು ತೋರಿಸುತ್ತಿದ್ದಾರೆ, ಹಾಗೆ ತೋರಿಸುವವರ ಕಡೆಗೆ ಇನ್ನೆಷ್ಟು ಮಂದಿ ಬೆರಳು ತೋರಿಸುತ್ತಿದ್ದಾರೆ ಎಂಬುದನ್ನು ಎಣಿಕೆಗೆ ತಂದರು. ಮಂಡಿಗೆ ಹೊಸದಾಗಿ ಬಂದ ವ್ಯಾಪಾರಿಗೆ ಹಳೆಯ ಸಾಹುಕಾರರೊಬ್ಬರ ಮಾತಿನ ಮೇಲೆ ಸಾಲ ಹುಟ್ಟುತ್ತದೆಯಲ್ಲವೆ, ಅದೇ ತತ್ತ್ವ. ಕೊಂಡಿಯೆಂಬುದು ಒಂದು ಶಿಫಾರಸು. ಶಿಫಾರಸಿಗೆ ಬೆಲೆ ಬಂದ ಕೂಡಲೇ ಅದನ್ನು ಮಾರುವವರೂ ಹುಟ್ಟಿಕೊಂಡರು.

ಪೆನ್ನಿ ಸಂಸ್ಥೆಗೆ ಆದದ್ದು

ಈ ಮಾರಾಟದ ಪರಿಣಾಮ ಲೋಕದ ಕಣ್ಣಿಗೆ ಬಿದ್ದುದು 2011ರ ಫೆಬ್ರವರಿಯಲ್ಲಿ. ಜೆ.ಸಿ. ಪೆನ್ನಿ 1902ರಲ್ಲಿ ಆರಂಭವಾದ, ಅಂದು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಹೊಂದಿದ್ದ ಅಮೆರಿಕದ ವ್ಯಾಪಾರ ಸಂಸ್ಥೆ. ಅದಕ್ಕೆ ಹಿಂದಿನ ಹಬ್ಬದ ವ್ಯಾಪಾರದ ತಿಂಗಳುಗಳಲ್ಲಿ ಉಡುಪು, ಹಾಸಿಗೆ ಬಟ್ಟೆ, ಜಮಖಾನೆ, ಪೀಠೋಪಕರಣ ಎಂದು ಯಾರು ಏನನ್ನೇ ಹುಡುಕಿದರೂ ಗೂಗಲ್‌ನಲ್ಲಿ ಪೆನ್ನಿಯೇ ಮೊದಲು ಬರುತ್ತಿತ್ತು. ಸ್ಯಾಮ್ಸೊನೈಟ್ ಕಂಪನಿಯ ಹೆಸರನ್ನೇ ಸೇರಿಸಿ ಪ್ರಯಾಣದ ಪೆಟ್ಟಿಗೆಯನ್ನು ಹುಡುಕಿದರೂ ಆ ಕಂಪನಿಗಿಂತ ಮೇಲೆ ಪೆನ್ನಿ ಕುಳಿತಿತ್ತು. ಸಂಶಯಗೊಂಡ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತಜ್ಞರೊಬ್ಬರಿಂದ ಪರಿಶೀಲನೆ ಮಾಡಿಸಿತು. ಪೆನ್ನಿಯ ತಾಣಕ್ಕೆ ಬಟ್ಟೆಬರೆಯ ಪದಗಳ ಮೂಲಕ ಕೊಂಡಿ ಹಾಕಿದ್ದ 2,015 ಪುಟಗಳು ಪತ್ತೆಯಾದವು. ಅವುಗಳಲ್ಲಿ ಬಹಳಷ್ಟು ಪುಟಗಳಿಗೂ ಬಟ್ಟೆ ವ್ಯಾಪಾರಕ್ಕೂ ಯಾವ ಸಂಬಂಧವೂ ಇರಲಿಲ್ಲ; ಜೂಜಿನ ತಾಣಗಳೂ ಅದರಲ್ಲಿದ್ದವು.

ವಿಷಯ ಗೂಗಲ್‌ಗೆ ತಿಳಿದ ಮೇಲೆ ನಡೆದುದನ್ನು ಅಂಕಿಗಳಲ್ಲೇ ನೋಡಬೇಕು. ಫೆಬ್ರವರಿ 1ರಂದು 59 ಶೋಧಪದಗಳಲ್ಲಿ ಪೆನ್ನಿಯ ಸರಾಸರಿ ಸ್ಥಾನ 1.3 ಇತ್ತು. ಫೆಬ್ರವರಿ 10ರ ವೇಳೆಗೆ ಅದು 52ಕ್ಕೆ ಕುಸಿದಿತ್ತು. ಪ್ರಯಾಣದ ಪೆಟ್ಟಿಗೆಯ ಶೋಧದಲ್ಲಿ ಒಂದು ಸಂಜೆ 7 ಗಂಟೆಗೆ ಮೊದಲನೆಯದಾಗಿದ್ದ ಹೆಸರು ಎರಡು ಗಂಟೆಗಳ ನಂತರ 71ನೆಯದಾಗಿತ್ತು. ತನಗೆ ಈ ಕೊಂಡಿಗಳ ವಿಷಯ ತಿಳಿದಿರಲಿಲ್ಲವೆಂದು ಹೇಳಿದ ಸಂಸ್ಥೆಯು ತನ್ನ ಸಲಹೆಗಾರ ಕಂಪನಿಯನ್ನು ಕೆಲಸದಿಂದ ತೆಗೆಯಿತು. ಶಿಕ್ಷೆ ಮಾತ್ರ ತಾಣಕ್ಕೇ ತಗಲಿತು.

ಇದರಲ್ಲಿ ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಪೆನ್ನಿ ಗೂಗಲ್‌ನ ದೊಡ್ಡ ಜಾಹೀರಾತುದಾರರಲ್ಲಿ ಒಂದಾಗಿತ್ತು, ತಿಂಗಳಿಗೆ 24.6 ಲಕ್ಷ ಡಾಲರ್‌ಗಳನ್ನು ಶೋಧ ಜಾಹೀರಾತಿಗೆ ವ್ಯಯಿಸುತ್ತಿದ್ದುದಾಗಿ ಅದೇ ಪತ್ರಿಕೆ ವರದಿ ಮಾಡಿತ್ತು. ಅಷ್ಟು ಹಣವೂ ಅದನ್ನು ಶಿಕ್ಷೆಯಿಂದ ಕಾಪಾಡಲಿಲ್ಲ. ಜಾಹೀರಾತಿನ ಖಾತೆಯೇ ಬೇರೆ, ಸಹಜ ಸ್ಥಾನದ ಖಾತೆಯೇ ಬೇರೆ. ಜಾಹೀರಾತು ಕೊಟ್ಟರೆ ಕೆಳಗಿನ ಪಟ್ಟಿಯಲ್ಲೂ ಮೇಲೆ ಬರಬಹುದೆಂಬ ನಂಬಿಕೆ ಇಂದಿಗೂ ಅನೇಕರಲ್ಲಿದೆ, ಅದಕ್ಕೆ ಆಧಾರವಿಲ್ಲ.

2012ರ ಜನವರಿಯಲ್ಲಿ ಗೂಗಲ್ ತನ್ನದೇ ಕ್ರೋಮ್ ಬ್ರೌಸರ್‌ನ ಪುಟವನ್ನು ಕನಿಷ್ಠ 60 ದಿನಗಳ ಮಟ್ಟಿಗೆ ಕೆಳಗಿಳಿಸಿತು. ಪ್ರಚಾರದ ಗುತ್ತಿಗೆ ಪಡೆದವರು ಹಣ ಕೊಟ್ಟು ಬರೆಸಿದ್ದ ಲೇಖನವೊಂದರಲ್ಲಿ ನಿಯಮಬಾಹಿರ ಕೊಂಡಿ ಕಂಡುಬಂದುದೇ ಕಾರಣ. 2013ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಹೂವಿನ ವ್ಯಾಪಾರ ಸಂಸ್ಥೆ ಇಂಟರ್‌ಫ್ಲೋರಾ ತನ್ನ ಹೆಸರನ್ನೇ ಟೈಪಿಸಿ ಹುಡುಕಿದರೂ ಗೂಗಲ್‌ನಲ್ಲಿ ಸಿಗದಂತಾಯಿತು. ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಅದರ ಕೊಂಡಿಗಳಿದ್ದ ಜಾಹೀರಾತು ಲೇಖನಗಳು ಬಹುಸಂಖ್ಯೆಯಲ್ಲಿ ಕಂಡುಬಂದಿದ್ದವು. ತಾಯಂದಿರ ದಿನದ ಹೂವಿನ ವ್ಯಾಪಾರ ಆಗ ಕೆಲವೇ ವಾರಗಳ ದೂರದಲ್ಲಿತ್ತು.

ಇಂದು ಪರಿಸ್ಥಿತಿ ಇನ್ನೊಂದು ಬಗೆಯಲ್ಲಿ ಬದಲಾಗಿದೆ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಹೆಸರಿನ ಮಾರ್ಪಾಡು ಜಾರಿಗೆ ಬಂದಾಗ ಕೃತಕ ಕೊಂಡಿಗಳಿದ್ದ ತಾಣಗಳನ್ನು ಗಣಕವೇ ಕೆಳಗೆ ತಳ್ಳುತ್ತಿತ್ತು. 2016ರಿಂದೀಚೆಗೆ ಅಂತಹ ಕೊಂಡಿಗಳನ್ನು ಬಹುಮಟ್ಟಿಗೆ ಲೆಕ್ಕದಿಂದಲೇ ಕೈಬಿಡಲಾಗುತ್ತಿದೆ. 2022ರ ಡಿಸೆಂಬರ್‌ನಲ್ಲಿ ಕೊಂಡಿ ಕೊಳ್ಳುವ ಮತ್ತು ಮಾರುವ ತಾಣಗಳನ್ನು ಗುರುತಿಸುವ ಕೆಲಸಕ್ಕೂ ಕೃತಕ ಬುದ್ಧಿಮತ್ತೆಯನ್ನು ಹಚ್ಚಲಾಯಿತು. ಆದುದರಿಂದ ಐನೂರು ಕೊಂಡಿ ಕೊಂಡ ಸಣ್ಣ ಉದ್ಯಮಿಗೆ ದಂಡನೆ ಬಾರದೆ ಹೋಗಬಹುದು. ಕೊಟ್ಟ ಹಣ ಮಾತ್ರ ಸದ್ದಿಲ್ಲದೆ ಹೋಗುತ್ತದೆ. ಪರಿಶೀಲಕರು ಕೈಯಾರೆ ವಿಧಿಸುವ ಶಿಕ್ಷೆಯೂ ರದ್ದಾಗಿಲ್ಲ.

ಗಳಿಸುವ ಬಗೆ

ಹಾಗಾದರೆ ನ್ಯಾಯವಾದ ಕೊಂಡಿ ಎಲ್ಲಿಂದ ಬರಬೇಕು? ಉದ್ಯಮಿಯನ್ನು ನಿಜವಾಗಿ ಬಲ್ಲವರಿಂದ. ಬಿಡಿಭಾಗ ಪೂರೈಸುವ ಘಟಕವನ್ನು ದೊಡ್ಡ ಯಂತ್ರ ತಯಾರಕರು ತಮ್ಮ ಪೂರೈಕೆದಾರರ ಪಟ್ಟಿಯಲ್ಲಿ ಹೆಸರಿಸಬಹುದು. ವಿತರಕರು ತಾವು ಮಾರುವ ಸರಕಿನ ಮೂಲವನ್ನು ತಮ್ಮ ತಾಣದಲ್ಲಿ ತೋರಿಸಬಹುದು. ವೃತ್ತಿ ಸಂಘಗಳ ಮತ್ತು ರಫ್ತು ಉತ್ತೇಜನ ಮಂಡಳಿಗಳ ಸದಸ್ಯರ ಪಟ್ಟಿಗಳೂ ಇವೆ. ಹತ್ತಾರು ವರ್ಷ ವ್ಯವಹಾರ ನಡೆಸಿದವರೂ ಇವರನ್ನು ಒಂದು ಮಾತು ಕೇಳಿರುವುದಿಲ್ಲ.

ಇದಕ್ಕಿಂತ ನಿಧಾನವಾದರೂ ಹೆಚ್ಚು ಬಾಳಿಕೆ ಬರುವ ಮಾರ್ಗವೆಂದರೆ ತನ್ನ ಕಸುಬಿನ ತಿಳಿವಳಿಕೆಯನ್ನು ಬರೆದಿಡುವುದು. ಚನ್ನಪಟ್ಟಣದ ಆಟಿಕೆ ತಯಾರಕರ ತಾಣದಲ್ಲಿ ಬರೀ ಬೆಲೆಪಟ್ಟಿ ಇದ್ದರೆ ಅದಕ್ಕೆ ಕೊಂಡಿ ಹಾಕುವ ಅಗತ್ಯ ಯಾರಿಗೂ ಇಲ್ಲ. ಹಾಲೆ ಮರವನ್ನು ಎಷ್ಟು ದಿನ ಒಣಗಿಸಬೇಕು, ತಿರುಗುತ್ತಿರುವ ಮರಕ್ಕೆ ಅರಗಿನ ಬಣ್ಣ ಹೇಗೆ ಕೂರುತ್ತದೆ, ಮಗು ಬಾಯಿಗಿಟ್ಟುಕೊಂಡರೆ ಆ ಬಣ್ಣ ಎಷ್ಟು ನಿರಪಾಯ ಎಂಬುದನ್ನು ಚಿತ್ರಸಹಿತ ವಿವರಿಸಿದ ಪುಟವನ್ನು ಶಿಕ್ಷಕರೂ ತಾಯ್ತಂದೆಯರೂ ತಾವಾಗಿಯೇ ಇತರರಿಗೆ ತೋರಿಸಿಯಾರು. ಗೇರ್ ತಯಾರಕರು ಹಲ್ಲುಗಳ ಲೆಕ್ಕ, ಉಕ್ಕಿನ ದರ್ಜೆ, ಗಡಸುತನದ ಕೋಷ್ಟಕಗಳನ್ನು ಪ್ರಕಟಿಸಿದರೆ ಪಾಲಿಟೆಕ್ನಿಕ್‌ನ ಅಧ್ಯಾಪಕರಿಗೆ ಅದು ಬೇಕಾದ ವಸ್ತು.

ಇಲ್ಲಿಯೂ ಒಂದು ಜಾರುಬಂಡೆ ಇದೆ. ಕಾಲೇಜಿನ ಕೊಂಡಿಗೆ ತೂಕ ಹೆಚ್ಚೆಂದು ತಿಳಿದ ಅಮೆರಿಕದ ಓವರ್‌ಸ್ಟಾಕ್ ಸಂಸ್ಥೆಯು, ಕೊಂಡಿ ಹಾಕಿದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಶೇಕಡಾ 10ರ ರಿಯಾಯಿತಿ ಕೊಡುತ್ತಿತ್ತು. 2011ರಲ್ಲಿ ಅದಕ್ಕೂ ಶಿಕ್ಷೆಯಾಯಿತು. ನಗದಿನ ಬದಲು ರಿಯಾಯಿತಿಯಾಗಲಿ, ಉಡುಗೊರೆಯಾಗಲಿ ಕೊಟ್ಟರೂ ಅದು ಖರೀದಿಯೇ. ಊರಿನ ಉತ್ಸವಕ್ಕೋ ಕ್ರೀಡಾಕೂಟಕ್ಕೋ ಪ್ರಾಯೋಜಕರಾಗುವುದು ತಪ್ಪಲ್ಲ. ಆ ಕೊಂಡಿಗೆ ಪ್ರಾಯೋಜಿತವೆಂಬ ಗುರುತನ್ನು ತಾಣದ ಸಂಕೇತಭಾಷೆಯಲ್ಲಿ ಸೇರಿಸಬೇಕು. 2005ರಲ್ಲಿ ಬಂದ ನೋಫಾಲೋ, 2019ರಲ್ಲಿ ಬಂದ ಸ್ಪಾನ್ಸರ್ಡ್ ಎಂಬ ಗುರುತುಗಳು ಇದಕ್ಕಾಗಿಯೇ ಇವೆ. ತಾಣ ಕಟ್ಟುವವರಿಗೆ ಇದು ಒಂದು ನಿಮಿಷದ ಕೆಲಸ.

ಹಣ ಕೊಡುವುದಾದರೆ

ಕೊಂಡಿ ಗಳಿಸಲು ತಿಂಗಳುಗಳೇ ಬೇಕು. ದೀಪಾವಳಿಯ ವ್ಯಾಪಾರ ಅಷ್ಟು ಕಾಯುವುದಿಲ್ಲ. ಆಗ ಬಹಿರಂಗವಾಗಿ ಜಾಹೀರಾತು ಕೊಡುವುದೇ ಮರ್ಯಾದೆಯ ದಾರಿ. ಶೋಧದ ಫಲಿತಾಂಶದಲ್ಲಿ ಹಣ ಪಡೆದು ತೋರಿಸಿದ್ದನ್ನು ಸ್ಪಷ್ಟವಾಗಿ ಬೇರ್ಪಡಿಸಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿಯೇ ಸರ್ಚ್ ಎಂಜಿನ್ ಕಂಪನಿಗಳಿಗೆ ಸೂಚಿಸಿತ್ತು. ಹಣ ಕೊಟ್ಟಿದ್ದಾರೆಂಬುದು ನೋಡುವವನಿಗೆ ತಿಳಿದಿರುವಾಗ ಅಲ್ಲಿ ವಂಚನೆಯ ಮಾತಿಲ್ಲ.

ಕ್ಲಿಕ್ಕಿಗೆ ಇಷ್ಟೆಂದು ಹರಾಜು ಕೂಗುವ ಪದ್ಧತಿಯನ್ನು 1998ರಲ್ಲಿ ಗೋಟು ಎಂಬ ಕಂಪನಿ ಬಳಕೆಗೆ ತಂದಿತು. ಗೂಗಲ್‌ನ ಜಾಹೀರಾತು ಸೇವೆ 2000ದಲ್ಲಿ ಆರಂಭವಾಯಿತು. 2002ರಲ್ಲಿ ಅದು ಹರಾಜಿನ ಜೊತೆಗೆ ಜಾಹೀರಾತಿನ ಉಪಯುಕ್ತತೆಯನ್ನೂ ತೂಗಲಾರಂಭಿಸಿತು. ಹೀಗಾಗಿ ಹೆಚ್ಚು ಕೂಗಿದವನೇ ಯಾವಾಗಲೂ ಗೆಲ್ಲುವುದಿಲ್ಲ. ಹುಡುಕಿದ್ದಕ್ಕೆ ಸರಿಹೊಂದುವ ಜಾಹೀರಾತು, ಒತ್ತಿದಾಗ ತೆರೆಯುವ ಪುಟದಲ್ಲಿ ಅದೇ ಸರಕು ಇರುವುದು, ಇವು ಸಣ್ಣವನಿಗೂ ಅನುಕೂಲ ಮಾಡಿಕೊಡುತ್ತವೆ.

ನಷ್ಟವಾಗುವುದು ಸಾಮಾನ್ಯವಾಗಿ ಗಮನಿಸದ ಸಣ್ಣ ಸಂಗತಿಗಳಲ್ಲಿ. ಗೇರ್ ಎಂಬ ಒಂದೇ ಪದಕ್ಕೆ ಜಾಹೀರಾತು ಕೊಟ್ಟ ಪೀಣ್ಯದ ತಯಾರಕರ ಹಣವನ್ನು ಸೈಕಲ್ ಗೇರ್ ಬೇಕಾದ ಹುಡುಗರೂ ಬೈಕ್ ಸವಾರಿಯ ಜಾಕೆಟ್ ಹುಡುಕುವವರೂ ಒತ್ತಿ ಒತ್ತಿ ಮುಗಿಸುತ್ತಾರೆ. ಬೇಡದ ಪದಗಳ ಪಟ್ಟಿಯನ್ನು ಮೊದಲೇ ಕೊಡಲು ಅವಕಾಶವಿದೆ. ಅದನ್ನು ಬಳಸುವವರು ವಿರಳ. ಸ್ಥಳದ ಆಯ್ಕೆಯಲ್ಲೂ ಹಾಗೆಯೇ. ಕರ್ನಾಟಕವೆಂದು ಗುರುತಿಸಿದರೂ, ಕರ್ನಾಟಕದ ಬಗ್ಗೆ ಆಸಕ್ತಿ ತೋರಿದ ದೂರದವರನ್ನೂ ಗೂಗಲ್ ತಾನಾಗಿ ಸೇರಿಸಿಕೊಳ್ಳುತ್ತದೆ. ಅದನ್ನು ಬದಲಿಸಬೇಕಾದವರು ಜಾಹೀರಾತುದಾರರೇ.

ಲೆಕ್ಕವನ್ನು ಒಂದು ಊಹೆಯ ಉದಾಹರಣೆಯಿಂದ ನೋಡಬಹುದು. ಕ್ಲಿಕ್ಕಿಗೆ 12 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರು ಮಂದಿ ಬಂದರೆ ಇಬ್ಬರು ವಿಚಾರಿಸುತ್ತಾರೆ, ವಿಚಾರಿಸಿದ ನಾಲ್ವರಲ್ಲಿ ಒಬ್ಬರು ಆರ್ಡರ್ ಕೊಡುತ್ತಾರೆ. ಅಂದರೆ ಒಂದು ಆರ್ಡರಿಗೆ 200 ಕ್ಲಿಕ್, 2,400 ರೂಪಾಯಿ. ಶೇಕಡಾ 18ರ ಜಿಎಸ್‌ಟಿ ಸೇರಿ 2,832. ಸಾಮಾನ್ಯ ನೋಂದಣಿಯಿದ್ದವರಿಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಕಾಂಪೋಸಿಶನ್ ಯೋಜನೆಯಲ್ಲಿರುವವರಿಗೆ ಪೂರ್ತಿ ಖರ್ಚೇ. ಆರ್ಡರಿನ ಲಾಭ 1,800 ರೂಪಾಯಿಯಾದರೆ ಇದು ನಷ್ಟದ ಬಾಬತ್ತು. ಅದೇ ಗಿರಾಕಿ ವರ್ಷಕ್ಕೆ ಮೂರು ಸಲ ಬರುವವನಾದರೆ ಲಾಭ. ಈ ಮೂರು ಅಂಕಿಗಳನ್ನು ಬರೆದಿಡದೆ ದಿನಕ್ಕೆ ಇಷ್ಟು ರೂಪಾಯಿ ಎಂದು ಹಣ ಕಟ್ಟುತ್ತಾ ಹೋಗುವುದು ಕತ್ತಲಲ್ಲಿ ತಕ್ಕಡಿ ಹಿಡಿದಂತೆ. ವಿದೇಶಿ ಕಂಪನಿಗೆ ಕೊಡುವ ಜಾಹೀರಾತು ಹಣದ ಮೇಲೆ 2016ರಿಂದ ಇದ್ದ ಶೇಕಡಾ 6ರ ಸಮೀಕರಣ ಶುಲ್ಕ 2025ರ ಏಪ್ರಿಲ್ 1ರಿಂದ ರದ್ದಾಗಿದೆ. ಹಳೆಯ ಲೆಕ್ಕಪತ್ರದ ಅಭ್ಯಾಸದಿಂದ ಅದನ್ನು ಈಗಲೂ ಮುರಿದುಕೊಳ್ಳಬೇಕಾಗಿಲ್ಲ.

ಪ್ರತಿಸ್ಪರ್ಧಿಗಳೇ ಒತ್ತಿ ಹಣ ಕರಗಿಸಿದರೆ ಎಂಬ ಭಯ ನಿರಾಧಾರವಲ್ಲ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಲೇನ್ಸ್ ಗಿಫ್ಟ್ಸ್ ಎಂಬ ಉಡುಗೊರೆ ಅಂಗಡಿ ಹೂಡಿದ ದಾವೆಯಲ್ಲಿ ಗೂಗಲ್ 2006ರಲ್ಲಿ 9 ಕೋಟಿ ಡಾಲರ್‌ವರೆಗಿನ ರಾಜಿಗೆ ಒಪ್ಪಿತು. ಇಂದು ಅಸಿಂಧು ಕ್ಲಿಕ್‌ಗಳನ್ನು ಕಂಪನಿಯೇ ಕಳೆಯುತ್ತದೆ. ಆದರೂ ಒಂದೇ ಊರಿನಿಂದ ಒಂದೇ ಹೊತ್ತಿಗೆ ಕ್ಲಿಕ್ ಏರಿದರೆ ದೂರು ಕೊಡುವುದು ಒಳ್ಳೆಯದು. ಇನ್ನು, ಎದುರಾಳಿಯ ಹೆಸರನ್ನೇ ಶೋಧಪದವಾಗಿ ಕೊಳ್ಳುವವರಿದ್ದಾರೆ. ದೆಹಲಿ ಉಚ್ಚ ನ್ಯಾಯಾಲಯವು 2023ರ ಆಗಸ್ಟ್‌ನಲ್ಲಿ ಗೂಗಲ್ ಮತ್ತು ಡಿಆರ್‌ಎಸ್ ಲಾಜಿಸ್ಟಿಕ್ಸ್ ಪ್ರಕರಣದಲ್ಲಿ, ಇದು ಟ್ರೇಡ್‌ಮಾರ್ಕಿನ ಬಳಕೆಯೇ ಸರಿಯೆಂದೂ, ಗ್ರಾಹಕರಲ್ಲಿ ಗೊಂದಲ ಹುಟ್ಟಿಸದಿದ್ದರೆ ಅಷ್ಟರಿಂದಲೇ ಉಲ್ಲಂಘನೆಯಾಗದೆಂದೂ ಹೇಳಿದೆ. ತನ್ನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಂಡವರಿಗೆ ಇಂತಹ ವಿವಾದದಲ್ಲಿ ಹೋರಾಡುವುದು ಸುಲಭ.

ಕೆಲಸವನ್ನು ಏಜೆನ್ಸಿಗೆ ಒಪ್ಪಿಸುವವರು ಎರಡು ವಿಷಯಗಳನ್ನು ಕರಾರಿನಲ್ಲಿ ಬರೆಸಬೇಕು. ಜಾಹೀರಾತು ಖಾತೆ ಉದ್ಯಮಿಯ ಹೆಸರಿನಲ್ಲಿ, ಉದ್ಯಮಿಯ ಇ-ಮೇಲ್‌ನಲ್ಲಿ ಇರತಕ್ಕದ್ದು. ಇಲ್ಲವಾದರೆ ಏಜೆನ್ಸಿ ಬದಲಾದ ದಿನ ಹಳೆಯ ಅಂಕಿಅಂಶಗಳೂ ಕೈತಪ್ಪುತ್ತವೆ. ಹೊಸದಾಗಿ ಬಂದ ಕೊಂಡಿಗಳ ಪಟ್ಟಿಯನ್ನು ಪ್ರತಿ ತಿಂಗಳೂ ತಾಣಗಳ ವಿಳಾಸಸಹಿತ ಕೊಡತಕ್ಕದ್ದು. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಅದೇ ಪಟ್ಟಿ ಮಾಲೀಕರಿಗೆ ಉಚಿತವಾಗಿ ಕಾಣಿಸುತ್ತದೆ. ಎರಡನ್ನೂ ತಾಳೆ ನೋಡಿ, ಕಸುಬಿಗೆ ಸಂಬಂಧವಿಲ್ಲದ ತಾಣದ ಹೆಸರು ಕಂಡರೆ ಅದು ಅಲ್ಲಿಗೆ ಬಂದುದು ಹೇಗೆಂದು ಏಜೆನ್ಸಿಯನ್ನು ಅಂದೇ ಬರವಣಿಗೆಯಲ್ಲಿ ಕೇಳತಕ್ಕದ್ದು.