ಹಿತ್ತಲಿನ ಕೋಳಿಗಳ ರೋಗಪರೀಕ್ಷೆಯೂ ಶುಶ್ರೂಷೆಯೂ

ಹೋಟೆಲಿನ ಗಲ್ಲೆಯ ಮುಂದೆ ಅನೇಕ ವರ್ಷ ಕುಳಿತ ನಮಗೆ ಒಂದು ಅಭ್ಯಾಸವು ಉಳಿದುಬಂದಿದೆ. ಒಳಗೆ ಬರುವ ಗಿರಾಕಿಯ ನಡಿಗೆಯನ್ನು ಕಂಡೇ ಅವನು ಹಸಿದವನೋ ಅಸ್ವಸ್ಥನೋ ಎಂಬುದನ್ನು ಊಹಿಸಿಬಿಡುವೆವು. ಆದರೆ ಅದೇ ಕಣ್ಣನ್ನು ನಮ್ಮ ಹಿತ್ತಲಿನ ಕೋಳಿಗಳ ಮೇಲೆ ಇಡದೆ ಹೋದುದರಿಂದ ಒಮ್ಮೆ ಪಟ್ಟ ಪರಿತಾಪವನ್ನು ವಾಚಕರ ಮುಂದಿಡುವುದು ಅವಶ್ಯವೆಂದು ತೋರಿದೆ. ನರೋಡಾ, ಓಢವ, ವಟವಾಗಳ ಅಂಚಿನಲ್ಲಿಯೂ, ವಡೋದರೆಯ ಮಕರಪುರದಲ್ಲಿಯೂ, ಸೂರತ್ತಿನ ಉಧನಾದ ಕಡೆಯಲ್ಲಿಯೂ ಊರಿನ ನೆನಪಿಗೆಂದೋ ಮಕ್ಕಳ ಮೊಟ್ಟೆಗೆಂದೋ ನಾಲ್ಕಾರು ಕೋಳಿ ಸಾಕುವ ನಮ್ಮವರಿಗೆ ಇದರಿಂದ ಪ್ರಯೋಜನವಾದೀತು.

ನಮ್ಮಲ್ಲಿ ಆಗ ಏಳು ಕೋಳಿಗಳಿದ್ದವು. ಒಂದು ಹೇಟೆಯು ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಗೋಡೆಯ ಮೂಲೆ ಹಿಡಿಯಿತು. ಬಿಸಿಲಿನ ಬಾಧೆಯೆಂದು ಬಗೆದು, ಮನೆಯಲ್ಲಿ ಉಳಿದಿದ್ದ ಮನುಷ್ಯರ ಮಾತ್ರೆಯೊಂದನ್ನು ಅರೆದು ಕುಡಿಸಿದೆವು. ಮರುದಿನ ಅದು ಸತ್ತಿತು. ಉಳಿದವಾದರೂ ಬದುಕಲೆಂದು ಆರೋಗ್ಯವಾಗಿ ತೋರುತ್ತಿದ್ದ ಎರಡನ್ನು ನೆರೆಯ ವಿಧವೆಯೊಬ್ಬರ ಮನೆಯಲ್ಲಿ ಬಿಟ್ಟೆವು. ವಾರದೊಳಗಾಗಿ ನಮ್ಮ ಗೂಡೂ ಬರಿದಾಯಿತು, ಆ ತಾಯಿಯ ಗೂಡೂ ಬರಿದಾಯಿತು. ಮೊಟ್ಟೆ ಮಾರಿ ಮಗನ ಶಾಲೆಯ ಖರ್ಚು ನಡೆಸುತ್ತಿದ್ದ ಆಕೆ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಹಾಗೆ ಆಡದೆ ಹೋದುದೇ ನಮಗೆ ಈಗಲೂ ಭಾರವಾಗಿದೆ.

ಆ ರೋಗವು ರಾಣಿಖೇತವೆಂದು ಅನಂತರ ಪಶುವೈದ್ಯರು ತಿಳಿಸಿದರು. ನಮ್ಮೂರ ಕಡೆ ಇದನ್ನು ಕೊಕ್ಕರೆ ರೋಗವೆನ್ನುವರು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಕಂಡ ಈ ವ್ಯಾಧಿಯು ಅದೇ ದಶಕದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಲ್ಪಟ್ಟು, ಭಾರತದಲ್ಲಿ ಆ ಊರಿನ ಹೆಸರನ್ನೇ ಪಡೆಯಿತು. ಬಾಯಿ ತೆರೆದು ಏದುಸಿರು ಬಿಡುವುದು, ಹಸಿರು ನೀರಿನಂತಹ ಹಿಕ್ಕೆ, ಕತ್ತು ತಿರುಚಿಕೊಳ್ಳುವುದು, ಕಾಲುರೆಕ್ಕೆಗಳು ಸೋಲುವುದು ಇದರ ಚಿಹ್ನೆಗಳು. ಸೋಂಕು ತಗುಲಿದ ಕೋಳಿಯು ಕೆಲವು ದಿನ ಚೆನ್ನಾಗಿಯೇ ತೋರುವುದು. ನಾವು ಮೋಸಹೋದುದು ಇಲ್ಲಿಯೇ. ಇದನ್ನು ಗುಣಪಡಿಸುವ ಔಷಧವಿಲ್ಲ, ಲಸಿಕೆಯೊಂದೇ ರಕ್ಷೆ.

ಕೋಳಿಯು ತನ್ನ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ಆದುದರಿಂದ ಬೆಳಗ್ಗೆ ಕಾಳು ಚೆಲ್ಲುವಾಗ ಎರಡು ನಿಮಿಷ ನಿಂತು ನೋಡತಕ್ಕದ್ದು. ಯಾವುದು ಓಡಿಬರಲಿಲ್ಲ? ಯಾವುದರ ಜುಟ್ಟು ಬಾಡಿದೆ? ಹಿಕ್ಕೆಯ ಬಣ್ಣವೇನು? ಸಂಶಯ ಬಂದ ಕೋಳಿಯನ್ನು ಆಗಿಂದಾಗಲೇ ಬೇರೆ ಬುಟ್ಟಿಯಲ್ಲಿರಿಸಿ, ಬೇರೆ ನೀರಿನ ಪಾತ್ರೆ ಕೊಟ್ಟು, ಆರೋಗ್ಯದ ಕೋಳಿಗಳ ಕೆಲಸ ಮುಗಿಸಿದ ಮೇಲೆಯೇ ಅದರ ಬಳಿ ಹೋಗಿ, ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು.

ಎಲ್ಲ ಕಾಯಿಲೆಯೂ ಮಾರಿಯಲ್ಲ. 2016ರ ಮೇ 20ರಂದು 48 ಡಿಗ್ರಿ ಮುಟ್ಟಿದ ಈ ಅಹಮದಾಬಾದಿನಲ್ಲಿ ಬೇಸಗೆಯ ಮಧ್ಯಾಹ್ನ ಕೋಳಿಗಳೆಲ್ಲ ರೆಕ್ಕೆಯಗಲಿಸಿ ಬಾಯಿ ತೆರೆದು ನಿಂತರೆ ಅದು ಸೆಕೆಯ ಬಾಧೆಯಾಗಿರಬಹುದು. ನೆರಳು, ತಣ್ಣೀರು, ಒದ್ದೆ ಗೋಣಿಯ ಪರದೆ ಇವುಗಳಿಂದ ಸಂಜೆಗೆ ಚೇತರಿಸಿಕೊಳ್ಳುವುವು. ಚೇತರಿಸದಿದ್ದರೆ ರೋಗವನ್ನೇ ಶಂಕಿಸಬೇಕು. ಮಳೆಗಾಲದಲ್ಲಿ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿಯೆಂದು ಶಂಕಿಸಿ, ಒದ್ದೆಯಾದ ಹೊಟ್ಟನ್ನು ತೆಗೆದು ಒಣಗಿದುದನ್ನು ಹಾಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಆಂಪ್ರೋಲಿಯಂ ಔಷಧವನ್ನು ನೀರಿನಲ್ಲಿ ಕೊಡುವುದು. ಜುಟ್ಟಿನ ಮೇಲೆ ಕಜ್ಜಿಯಂತಹ ಗಂಟುಗಳೆದ್ದರೆ ಅದು ಸೊಳ್ಳೆಗಳಿಂದಲೂ ಹರಡುವ ಕೋಳಿ ಸಿಡುಬು. ಬಾಯಿಯೊಳಗೆ ಹುಣ್ಣಾಗದಿದ್ದರೆ ಸಾಮಾನ್ಯವಾಗಿ ವಾಸಿಯಾಗುವುದು. ಮನುಷ್ಯರ ಮಾತ್ರೆಯನ್ನಂತೂ ಕೊಡಲೇಕೂಡದು. ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿತು. ಔಷಧ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಕೂಡದೆಂಬುದನ್ನೂ ವೈದ್ಯರಿಂದಲೇ ಕೇಳಿ ತಿಳಿಯಬೇಕು.

ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ, ಅದರಲ್ಲಿಯೂ ಮುಖ ಊದಿ ಜುಟ್ಟು ನೀಲಿಗಟ್ಟಿದ್ದರೆ, ಅದು ಹಕ್ಕಿ ಜ್ವರವೂ ಆಗಿರಬಹುದು. 2006ರಲ್ಲಿ ಗುಜರಾತಿನ ಗಡಿಯ ನವಾಪುರದಲ್ಲಿಯೂ ಅಂದಿನ ಸೂರತ್ ಜಿಲ್ಲೆಯ ಉಚ್ಛಲಿನಲ್ಲಿಯೂ, 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ, 2017ರಲ್ಲಿ ನಮ್ಮ ಅಹಮದಾಬಾದಿನ ಹಾಥೀಜಣದಲ್ಲಿಯೂ ಅದು ಕಾಣಿಸಿಕೊಂಡಿತು. ಇದು ಮನುಷ್ಯರಿಗೂ ತಗಲಬಲ್ಲದು. ‘ಸಾಯುವ ಮೊದಲೇ ಸಾರು ಮಾಡೋಣ’ ಎಂಬ ದುರಾಸೆಯನ್ನು ಅಡುಗೆಮನೆಯಲ್ಲಿಯೇ ಬೆಳೆದ ನಾವು ಬಲ್ಲೆವು. ಅಂತಹ ಕೋಳಿಯನ್ನು ಕೊಯ್ಯಕೂಡದು, ಮಾರಕೂಡದು, ಬೀದಿಗೆ ಎಸೆಯಕೂಡದು; ಬರಿಗೈಯಿಂದ ಮುಟ್ಟಲೂ ಕೂಡದು. ಕೂಡಲೆ ಸರ್ಕಾರಿ ಪಶುವೈದ್ಯರಿಗೆ ತಿಳಿಸತಕ್ಕದ್ದು. 2009ರ ಕಾನೂನು ಸಹ ಇದನ್ನೇ ವಿಧಿಸುತ್ತದೆ. ಭಾಷೆಯ ಸಂಕೋಚ ಬೇಡ. ಕೋಳಿಗೆ ಇಲ್ಲಿ ‘ಮರಘೀ’, ಹಸಿರು ಭೇದಿಗೆ ‘ಲೀಲಾ ಝಾಡಾ’, ಲಸಿಕೆಗೆ ‘ರಸೀ’ ಎನ್ನುವರು.

ಇನ್ನು ಲಸಿಕೆಯ ವಿಚಾರ. ಮರಿಯು 5ರಿಂದ 7 ದಿನದ್ದಾಗಿರುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಸುಮಾರು 8 ವಾರಗಳಾದಾಗ ಒಂದು ಚುಚ್ಚುಮದ್ದು. ತೊಡಕೇನೆಂದರೆ, ಸೀಸೆಯು ನೂರು ಅಥವಾ ಹೆಚ್ಚು ಕೋಳಿಗಳ ಲೆಕ್ಕದಲ್ಲಿ ಬರುವುದು. ಹಿಮಗಡ್ಡೆಯಲ್ಲಿಟ್ಟು ತಂದು, ಕಲಸಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಏಳು ಕೋಳಿಯವರು ಒಬ್ಬರೇ ತರಲಾರರು. ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿ ಸೇರಿದರೆ ಸುಲಭ. ಗಣೇಶೋತ್ಸವಕ್ಕೆ ವಂತಿಗೆ ಕೂಡಿಸಬಲ್ಲ ನಮ್ಮವರಿಗೆ ಇದು ಅಸಾಧ್ಯವೇ?

ನಾವು ಗೂಡನ್ನು ಸುಣ್ಣದಿಂದ ಶುದ್ಧಮಾಡಿ, ಕೆಲವು ತಿಂಗಳು ಖಾಲಿ ಬಿಟ್ಟು, ಮತ್ತೆ ಮರಿಗಳನ್ನು ತಂದೆವು. ಮೊದಲ ಲಸಿಕೆಯ ದಿನ ಆ ತಾಯಿಯ ಮರಿಗಳಿಗೂ ಅದೇ ಸೀಸೆಯಿಂದ ಹನಿ ಹಾಕಿಸಿದೆವು. ಕಳೆದುದಕ್ಕೆ ಇದು ಪರಿಹಾರವಾಗದು. ಆದರೆ ನೆರೆಯ ಗೂಡು ಉಳಿದರೆ ಮಾತ್ರ ನಮ್ಮ ಗೂಡೂ ಉಳಿಯುವುದೆಂಬುದನ್ನು ಕಲಿತೆವು.